ಆರು ಕೋರ್ ಸಾಕು, ಬೋರ್ಡ್ ನೋಡಿ ಕೊಳ್ಳಿ

ಘಾಟ್ಕೋಪರ್‌ನ ಓದುಗರೊಬ್ಬರು ಕೇಳಿದ್ದಾರೆ: ‘ಮಗನ ಹನ್ನೆರಡನೇ ಕ್ಲಾಸು ಮುಗಿಯಿತು. ಗೇಮ್ ಆಡಲು ಕಂಪ್ಯೂಟರ್ ಬೇಕಂತೆ. ಅರವತ್ತು ಸಾವಿರದೊಳಗೆ ಆಗಬೇಕು. ಎಂಟು ಕೋರಿನ ಪ್ರೊಸೆಸರ್ ಹಾಕಿಸಿ, ಮದರ್‌ಬೋರ್ಡ್ ಯಾವುದಾದರೂ ನಡೆಯುತ್ತದೆ ಎಂದು ಲ್ಯಾಮಿಂಗ್ಟನ್ ರೋಡಿನ ಅಂಗಡಿಯಲ್ಲಿ ಹೇಳಿದರು. ಹೌದೇ?’

ಅಲ್ಲ. ಪ್ರೊಸೆಸರ್‌ನಲ್ಲಿ ಸ್ವಲ್ಪ ಕೈ ಬಿಗಿ ಹಿಡಿದರೂ ನಡೆಯುತ್ತದೆ, ಬೋರ್ಡಿನಲ್ಲಿ ನಡೆಯುವುದಿಲ್ಲ.

ಆಟ ಸರಾಗವಾಗಿ ಓಡಲು ಪರದೆಯ ಮೇಲೆ ಸೆಕೆಂಡಿಗೆ 60 ಚಿತ್ರಗಳಾದರೂ ಮೂಡಬೇಕು. ಅಂದರೆ ಒಂದು ಚಿತ್ರಕ್ಕೆ ಸಿಗುವ ಸಮಯ 16.7 ಮಿಲಿಸೆಕೆಂಡ್. ಅಷ್ಟರೊಳಗೆ ಯಾರು ಎಲ್ಲಿದ್ದಾರೆ, ಗುಂಡು ಯಾರಿಗೆ ತಾಗಿತು ಎಂಬುದನ್ನೆಲ್ಲ ಪ್ರೊಸೆಸರ್ ಲೆಕ್ಕಹಾಕಿ, ಏನು ಬಿಡಿಸಬೇಕೆಂದು ಗ್ರಾಫಿಕ್ಸ್ ಕಾರ್ಡಿಗೆ ಹೇಳುತ್ತದೆ. ಕಾರ್ಡ್ ಬಿಡಿಸುತ್ತದೆ.

ಬೆಳಗ್ಗೆ ಒಂಬತ್ತು ಗಂಟೆಗೆ ಘಾಟ್ಕೋಪರ್ ಸ್ಟೇಷನ್ನಿನಲ್ಲಿ ನಿಂತು ಅಭ್ಯಾಸವಿರುವವರಿಗೆ ಮುಂದಿನದು ಸುಲಭ. ವರ್ಸೋವಾ ಕಡೆಯಿಂದ ಮೆಟ್ರೊದಲ್ಲಿ ಬಂದವರು ಪಾದಚಾರಿ ಸೇತುವೆ ದಾಟಿ, ಮೆಟ್ಟಿಲಿಳಿದು ಸೆಂಟ್ರಲ್ ಲೈನಿನ ಲೋಕಲ್ ಹಿಡಿಯುತ್ತಾರೆ. ಸೇತುವೆಯನ್ನು ಪ್ರೊಸೆಸರ್ ಎಂದೂ ಲೋಕಲನ್ನು ಗ್ರಾಫಿಕ್ಸ್ ಕಾರ್ಡ್ ಎಂದೂ ಇಟ್ಟುಕೊಳ್ಳಿ. ಸೇತುವೆಯಲ್ಲೇ ಜನ ಸಿಕ್ಕಿಹಾಕಿಕೊಂಡರೆ 15 ಬೋಗಿಯ ಗಾಡಿ ಬಂದರೂ ಅರ್ಧ ಖಾಲಿ ಹೋಗುತ್ತದೆ. ಸೇತುವೆ ಅಗಲವಾಗಿದ್ದು ಗಾಡಿ ಚಿಕ್ಕದಾದರೆ ಜನರೆಲ್ಲ ಪ್ಲಾಟ್‌ಫಾರ್ಮಿನಲ್ಲಿ ನಿಲ್ಲುತ್ತಾರೆ. ಆಗ ಸೇತುವೆಯನ್ನು ಇನ್ನಷ್ಟು ಅಗಲಿಸಿ ಏನೂ ಸಿಗದು. ಕಡಿಮೆ ಬಜೆಟ್ಟಿನ ಕಂಪ್ಯೂಟರಿನಲ್ಲಿ ಬಹುಮಟ್ಟಿಗೆ ಆಗುವುದು ಈ ಎರಡನೆಯದೇ. ಎಂಟು ಕೋರಿಗೆ ಹಾಕುವ ಹೆಚ್ಚಿನ ದುಡ್ಡು ಗ್ರಾಫಿಕ್ಸ್ ಕಾರ್ಡಿಗೆ ಹೋದರೆ ಮಗನ ಕಣ್ಣಿಗೆ ವ್ಯತ್ಯಾಸ ಕಾಣುತ್ತದೆ.

ಇನ್ನೂ ಒಂದು ಮಾತಿದೆ. ಸೇತುವೆ ಎಷ್ಟೇ ಅಗಲವಿರಲಿ, ಒಬ್ಬೊಬ್ಬರಾಗಿಯೇ ದಾಟಬೇಕಾದ ಗೇಟು ಒಂದಿದ್ದರೆ ಅಲ್ಲಿ ಸಾಲು ನಿಲ್ಲಲೇಬೇಕು. ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲಿ ಹೇಳಿದ್ದು ಇದನ್ನೇ. ಕೆಲಸದಲ್ಲಿ ನೂರಕ್ಕೆ 40 ಭಾಗ, ಪ್ರೊಸೆಸರಿನೊಳಗೆ ಒಟ್ಟಿಗೆ ದುಡಿಯುವ ಕೋರ್‌ಗಳ ನಡುವೆ ಹಂಚಲಾಗದ್ದು ಎಂದುಕೊಳ್ಳಿ. ಆರು ಕೋರ್ ಸೇರಿದರೆ ವೇಗ 2 ಪಟ್ಟು. ಎಂಟು ಸೇರಿದರೆ 2.1 ಪಟ್ಟು. ಕೋಟಿ ಕೋರ್ ಸೇರಿದರೂ 2.5 ದಾಟುವುದಿಲ್ಲ!

ಕೋರ್‌ಗಿಂತ ಹೆಚ್ಚಾಗಿ ನೋಡಬೇಕಾದದ್ದು ಕ್ಯಾಶೆಯನ್ನು. 4 ಗಿಗಾಹರ್ಟ್ಸ್ ಪ್ರೊಸೆಸರಿನ ಒಂದು ಹೆಜ್ಜೆಗೆ ಕಾಲು ನ್ಯಾನೊಸೆಕೆಂಡ್ ಸಾಕು. ರ‍್ಯಾಮ್‌ನಿಂದ ಒಂದು ಅಂಕಿ ತರಿಸಲು ಸುಮಾರು 80 ನ್ಯಾನೊಸೆಕೆಂಡ್ ಬೇಕು. ಮುನ್ನೂರಕ್ಕೂ ಹೆಚ್ಚು ಹೆಜ್ಜೆ ಸುಮ್ಮನೆ ಕಾಯುವುದು. ಮತ್ತೆ ಮತ್ತೆ ಬೇಕಾಗುವುದನ್ನು ಹತ್ತಿರವೇ ಒಂದು ಸಣ್ಣ, ಚುರುಕಾದ ಮೆಮೊರಿಯಲ್ಲಿಡುವುದೇ ಕ್ಯಾಶೆ. ಈ ಉಪಾಯವನ್ನು ಕೇಂಬ್ರಿಜ್‌ನ ಮಾರಿಸ್ ವಿಲ್ಕ್ಸ್ 1965ರಲ್ಲಿ ಬರೆದಿಟ್ಟರು. ಅದರ ಬಲ ಗೇಮ್ ಆಡುವವರಿಗೆ ಸ್ಪಷ್ಟವಾದದ್ದು 2022ರಲ್ಲಿ. ಎಎಂಡಿಯ ರೈಜನ್ 7 5800ಎಕ್ಸ್3ಡಿ ತನ್ನ ಅಣ್ಣ 5800ಎಕ್ಸ್‌ನಷ್ಟೇ ಕೋರ್, ಅದಕ್ಕಿಂತ ಕಡಿಮೆ ಗಿಗಾಹರ್ಟ್ಸ್ ಇಟ್ಟುಕೊಂಡೂ ಹೆಚ್ಚಿನ ಆಟಗಳಲ್ಲಿ ಮುಂದೆ ಓಡಿತು. ಕಾರಣ, 32ರ ಬದಲು 96 ಎಂಬಿ ಕ್ಯಾಶೆ. ಅದು ನಮ್ಮ ಬಜೆಟ್ಟಿಗೆ ಎಟುಕದು, ಪಾಠ ಎಟುಕುತ್ತದೆ: ರೈಜನ್ 5 5500 ಮತ್ತು 5600 ಎರಡರಲ್ಲೂ ಆರು ಕೋರ್, ಆದರೆ ಮೊದಲನೆಯದರಲ್ಲಿ 16 ಎಂಬಿ, ಎರಡನೆಯದರಲ್ಲಿ 32.

ಈಗ ಬೋರ್ಡು. ಒಂದು ಕಾಲದಲ್ಲಿ ಯಾವ ಕಂಪನಿಯ ಪ್ರೊಸೆಸರನ್ನಾದರೂ ಒಂದೇ ಬೋರ್ಡಿಗೆ ಹಾಕಬಹುದಿತ್ತು. ಪುಣೆಯಲ್ಲಿ ಹುಟ್ಟಿದ ವಿನೋದ್ ಧಾಮ್ ಇಂಟೆಲ್‌ನಲ್ಲಿ ಪೆಂಟಿಯಂ ತಂಡವನ್ನು ಮುನ್ನಡೆಸಿದರು. ಅದು 1993ರಲ್ಲಿ ಬಂತು. ಆಮೇಲೆ ಅವರು ಸೇರಿದ ನೆಕ್ಸ್‌ಜೆನ್ ಕಂಪನಿಯನ್ನು ಎಎಂಡಿ ಕೊಂಡಿತು, ಅಲ್ಲಿಂದ 1997ರಲ್ಲಿ ಕೆ6 ಪ್ರೊಸೆಸರ್ ಹೊರಬಂತು. ಪೆಂಟಿಯಂ ಕೂರುವ ಸಾಕೆಟ್ 7ರಲ್ಲೇ ಕೆ6 ಕೂಡ ಕೂರುತ್ತಿತ್ತು. ಅದೇ ವರ್ಷ ಇಂಟೆಲ್ ಪೆಂಟಿಯಂ 2ಕ್ಕೆ ಬೇರೆ ಸ್ಲಾಟ್ ಮಾಡಿಕೊಂಡಿತು. ಅಲ್ಲಿಂದ ದಾರಿ ಎರಡಾಯಿತು. ಇಂದು ಬೋರ್ಡ್ ಕೊಂಡ ದಿನವೇ ಮುಂದೆ ಯಾವ ಪ್ರೊಸೆಸರ್ ಹಾಕಬಹುದೆಂಬುದು ತೀರ್ಮಾನವಾಗಿಬಿಡುತ್ತದೆ. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್ಟಿನಲ್ಲಿ 12ರಿಂದ 14ನೇ ತಲೆಮಾರಿನವರೆಗೆ, ಎಎಂಡಿಯ ಎಎಂ4ರಲ್ಲಿ 5000 ಸರಣಿಯವರೆಗೆ. ಎಎಂಡಿಯ ಹೊಸ ಸಾಕೆಟ್ ಎಎಂ5ಕ್ಕೆ ಮುಂದಿನ ದಾರಿ ಉದ್ದವಿದೆ, ಆದರೆ ಅದು ಡಿಡಿಆರ್5 ರ‍್ಯಾಮನ್ನೇ ಕೇಳುತ್ತದೆ. ಎಐ ಡೇಟಾ ಸೆಂಟರುಗಳ ಹಸಿವಿನಿಂದ 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ಹೇಗೆ ಏರಿತೆಂದು ಪೇಟೆಯಲ್ಲಿ ಕೇಳಿದವರಿಗೆ ಗೊತ್ತು. ಹಳೆಯ ಕಂಪ್ಯೂಟರಿನ ಡಿಡಿಆರ್4 ಮನೆಯಲ್ಲಿದ್ದರೆ ಎಸೆಯಬೇಡಿ, ಎಎಂ4 ಬೋರ್ಡಿಗೆ ಅದೇ ಬೇಕು.

ಬೋರ್ಡಿನ ಇನ್ನೊಂದು ಕೆಲಸ ಯಾರ ಕಣ್ಣಿಗೂ ಬೀಳದು. ಪವರ್ ಸಪ್ಲೈ ಕೊಡುವ 12 ವೋಲ್ಟನ್ನು ಅದು ಸುಮಾರು 1.2 ವೋಲ್ಟಿಗೆ ಇಳಿಸಬೇಕು. ಪ್ರೊಸೆಸರ್ 76 ವಾಟ್ ಎಳೆದರೆ ಅರವತ್ತಕ್ಕೂ ಹೆಚ್ಚು ಆಂಪಿಯರ್ ಈ ಕೆಲಸ ಮಾಡುವ ಬೋರ್ಡಿನ ಸಣ್ಣ ಬಿಡಿಭಾಗಗಳ ಮೂಲಕ ಹರಿಯುತ್ತದೆ. ಡಬ್ಬಿಯ ಮೇಲೆ 65 ವಾಟ್ ಎಂದಿರುವ ಐ5-12400ಎಫ್ ಜೋರಾಗಿ ಓಡುವಾಗ 117 ವಾಟ್‌ವರೆಗೆ ಎಳೆಯಬಲ್ಲದು. ಮೇ ತಿಂಗಳ ಮುಂಬಯಿಯಲ್ಲಿ, ಎಸಿ ಇಲ್ಲದ ಕೋಣೆಯಲ್ಲಿ, ಅಲ್ಯೂಮಿನಿಯಂ ಹೀಟ್‌ಸಿಂಕ್ ಇಲ್ಲದ ಅಗ್ಗದ ಬೋರ್ಡ್ ಕಾದರೆ ಪ್ರೊಸೆಸರಿನ ವೇಗವನ್ನು ತಗ್ಗಿಸಲೇಬೇಕಾಗುತ್ತದೆ. ‘ಯಾವುದಾದರೂ ನಡೆಯುತ್ತದೆ’ ಎಂಬ ಮಾತು ನನಗೆ ಸಿಟ್ಟು ತರಿಸುವುದು ಇದಕ್ಕೇ.

ನನ್ನ ಆಯ್ಕೆ ರೈಜನ್ 5 5600 ಮತ್ತು ಹೀಟ್‌ಸಿಂಕ್ ಇರುವ ಬಿ550 ಬೋರ್ಡ್. ಇಂಟೆಲ್ಲೇ ಬೇಕೆಂದರೆ ಐ5-12400ಎಫ್ ಮತ್ತು ಡಿಡಿಆರ್4 ಹಾಕಬಹುದಾದ ಬಿ660. ಹೆಸರಿನ ಕೊನೆಯ ‘ಎಫ್’ ಎಂದರೆ ಒಳಗೆ ಗ್ರಾಫಿಕ್ಸ್ ಇಲ್ಲ, 5600ರಲ್ಲೂ ಇಲ್ಲ. ಎರಡಕ್ಕೂ ಕಾರ್ಡ್ ಬೇಕೇಬೇಕು. 16 ಜಿಬಿ ರ‍್ಯಾಮನ್ನು ಎಂಟೆಂಟರ ಎರಡು ಪಟ್ಟಿಯಾಗಿ ಹಾಕಿಸಿ, ಮಾಹಿತಿ ಹರಿಯುವ ದಾರಿ ಇಮ್ಮಡಿಯಾಗುತ್ತದೆ. ಬಯಾಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡಿಸಿ, ಆಗ ರ‍್ಯಾಮ್ ತನ್ನ ಪೂರ್ತಿ ವೇಗದಲ್ಲಿ ಓಡುತ್ತದೆ. ಹಳೆಯ ಬಿ450 ಬೋರ್ಡ್ ಕೊಡಲು ಬಂದರೆ, ಬಯಾಸ್ ಹೊಸದಾಗಿದೆಯೇ ಎಂದು ಅಂಗಡಿಯಲ್ಲೇ ಪ್ರೊಸೆಸರ್ ಕೂರಿಸಿ ತೋರಿಸಲು ಹೇಳಿ. ಡಬ್ಬಿಯಲ್ಲಿ ಬರುವ ಪ್ರೊಸೆಸರಿಗೆ ಎರಡೂ ಕಂಪನಿಗಳು ಮೂರು ವರ್ಷದ ವಾರಂಟಿ ಕೊಡುತ್ತವೆ. ಡಬ್ಬಿ ಇಲ್ಲದ ‘ಟ್ರೇ’ ಮಾಲು ಎಷ್ಟು ಅಗ್ಗವಾದರೂ ಬೇಡ ಅನ್ನಿ. ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ಲು ಕೈಗೆ ಬಂದ ಮೇಲೆ ಹಣ ಕೊಡಿ.