ವಿಶೇಷ ಶಾಲೆಯ ಉಪಾಧ್ಯಾಯರ ಉಡುಪು

ಉಪಾಧ್ಯಾಯಿನಿಯೊಬ್ಬರು ಬೆಳಗ್ಗೆ ಯಾವ ಸೀರೆಯನ್ನು ಉಡಬೇಕೆಂಬುದೂ ಒಂದು ವಿಜ್ಞಾನದ ಪ್ರಶ್ನೆಯೇ ಎಂದು ವಾಚಕರು ನಗಬಹುದು. ಸಾಮಾನ್ಯ ಶಾಲೆಯ ಮಟ್ಟಿಗೆ ಆ ನಗು ಸಲ್ಲುತ್ತದೆ. ಅಲ್ಲಿ ಮಕ್ಕಳು ಬೆಂಚಿನ ಮೇಲೆ ಕುಳಿತಿರುತ್ತಾರೆ, ಉಪಾಧ್ಯಾಯರು ಕರಿಹಲಗೆಯ ಬಳಿ ನಿಂತಿರುತ್ತಾರೆ. ನಡುವೆ ಹತ್ತಡಿಯ ಅಂತರ. ವಿಶೇಷ ಮಕ್ಕಳ ಶಾಲೆಯಲ್ಲಿ ಆ ಹತ್ತಡಿ ಇಲ್ಲ. ಕಿವಿ ಕೇಳದ ಮಗು ಗುರುವಿನ ತುಟಿಯನ್ನೂ ಬೆರಳನ್ನೂ ನೋಡಿ ಕಲಿಯುತ್ತದೆ. ಮಂದದೃಷ್ಟಿಯ ಮಗು ಮೈಗೆ ಒರಗಿಕೊಂಡು ಚಿತ್ರವನ್ನು ಗುರುತಿಸುತ್ತದೆ. ಕಾಲು ಸ್ವಾಧೀನದಲ್ಲಿಲ್ಲದ ಮಗುವನ್ನು ಎತ್ತಿ ಕೂರಿಸಬೇಕಾಗುತ್ತದೆ. ಗುರುವಿನ ಮೈಮೇಲಣ ಬಟ್ಟೆಯು ಅಲ್ಲಿ ಮಗುವಿನ ಕಣ್ಣು, ಕಿವಿ, ಮೂಗು, ಚರ್ಮಗಳೆಲ್ಲವನ್ನೂ ಮುಟ್ಟುತ್ತದೆ.

ಕೊಡಗಿನಲ್ಲಿ ಇದಕ್ಕೆ ಮಳೆಯೂ ಸೇರಿಕೊಳ್ಳುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕು ಮಳೆಯಾಗುತ್ತದೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನ ಒಳಗೇ ಸುರಿದುಹೋಗುತ್ತದೆ. ಸುಂಟಿಕೊಪ್ಪದ 'ಸ್ವಸ್ಥ' ಮೊದಲಾಗಿ ಈ ಜಿಲ್ಲೆಯಲ್ಲಿ ವಿಶೇಷ ಮಕ್ಕಳಿಗಾಗಿ ಶಾಲೆಗಳಿವೆ. ಇಂಥ ಊರುಗಳಲ್ಲಿ ತೋಟದ ದಾರಿಯನ್ನು ನಡೆದು, ಬಸ್ಸನ್ನು ಹಿಡಿದು ಶಾಲೆಗೆ ಬರುವ ಉಪಾಧ್ಯಾಯಿನಿಗೆ ಒಣಗಿದ ಬಟ್ಟೆಯಲ್ಲಿ ಪಾಠವನ್ನು ಆರಂಭಿಸುವುದೇ ಒಂದು ಸಾಹಸ.

ಮೊದಲು ಕಣ್ಣಿನ ವಿಚಾರ. ಸಂಜ್ಞಾಭಾಷೆಯಲ್ಲಿ ಮಾತೆಲ್ಲವೂ ಎದೆಯ ಮುಂದೆ ಕೈಗಳು ಬರೆಯುವ ಆಕೃತಿಗಳಲ್ಲಿದೆ. ಆ ಕೈಗಳ ಹಿಂದೆ ದೊಡ್ಡ ಹೂಗಳ ಸೀರೆಯಿದ್ದರೆ, ಚಿತ್ರಪಟದ ಮೇಲೆ ಬರೆದ ಅಕ್ಷರದಂತೆ ಬೆರಳುಗಳು ಕಲಸಿಹೋಗುತ್ತವೆ. ಆದುದರಿಂದ ಚರ್ಮದ ಬಣ್ಣಕ್ಕಿಂತ ಸ್ಪಷ್ಟವಾಗಿ ಬೇರೆಯಾದ, ಚಿತ್ತಾರವಿಲ್ಲದ ಬಟ್ಟೆ ಉತ್ತಮ. ಕಣ್ಣು ಸರಿಯಿದ್ದರೂ ಮಿದುಳು ನೋಟವನ್ನು ಸರಿಯಾಗಿ ಗ್ರಹಿಸಲಾರದ ಮಕ್ಕಳಿಗೂ ಇದೇ ನಿಯಮ: ಗುರುವಿನ ಉಡುಪು ಕಪ್ಪಾಗಿದ್ದರೆ, ಮುಂದೆ ಹಿಡಿದ ಹಳದಿ ಚೆಂಡು ಒಂದೇ ಕಾಣುತ್ತದೆ. ಎದ್ದುಕಾಣುವ ಒತ್ತಾದ ಪಟ್ಟೆಗಳನ್ನಂತೂ ಬಿಡುವುದು ಲೇಸು. ಮೂರ್ಛೆರೋಗವುಳ್ಳ ಕೆಲವರಲ್ಲಿ, ಅಪರೂಪವಾಗಿಯಾದರೂ, ಅವು ಸೆಳವನ್ನು ತರಬಲ್ಲವು.

ಕಿವಿಯ ವಿಚಾರ ಚಿಕ್ಕದು. ಶ್ರವಣಯಂತ್ರವು ಹತ್ತಿರದ ಸದ್ದನ್ನೆಲ್ಲ ಹಿಗ್ಗಿಸುತ್ತದೆ. ಮಾತಿನೊಡನೆ ಗಾಜಿನ ಬಳೆಯ ಕಿಣಿಕಿಣಿಯನ್ನೂ ರೇಷ್ಮೆಯ ಸರಸರವನ್ನೂ ಮಗುವಿನ ಕಿವಿಗೆ ಒಯ್ಯುತ್ತದೆ.

ಸ್ಪರ್ಶದ ವಿಚಾರ ಹೊರಗಿನವರಿಗೆ ಸುಲಭವಾಗಿ ಹೊಳೆಯುವಂಥದಲ್ಲ. ಸ್ವಲೀನತೆ ಅಥವಾ ಆಟಿಸಂ ಉಳ್ಳ ಅನೇಕ ಮಕ್ಕಳ ಚರ್ಮವು ನಮಗೆ ಅರಿವಿಗೇ ಬಾರದ ಒರಟುತನವನ್ನು ನೋವೆಂದು ತಿಳಿಯುತ್ತದೆ. ಸ್ವತಃ ಆಟಿಸಂ ಉಳ್ಳವರೂ ಪ್ರಾಣಿವಿಜ್ಞಾನದ ಪ್ರಾಧ್ಯಾಪಕಿಯೂ ಆದ ಅಮೆರಿಕದ ಟೆಂಪಲ್ ಗ್ರ್ಯಾಂಡಿನ್ ಅವರು, ಬಾಲ್ಯದಲ್ಲಿ ತಮ್ಮ ಲಂಗದ ಬಟ್ಟೆ ಉಪ್ಪುಕಾಗದದಿಂದ ಉಜ್ಜಿದಂತೆ ಹಿಂಸೆ ಕೊಡುತ್ತಿದ್ದುದನ್ನು ಬರೆದಿದ್ದಾರೆ. ಜರಿಯಂಚಿನ ಸೆರಗು ತೋಳಿಗೆ ತಗುಲಿದ ಮಾತ್ರಕ್ಕೆ ಮಗು ಚೀರಿದರೆ ಅದನ್ನು ಹಟವೆಂದು ಬಗೆಯುವುದು ಅನ್ಯಾಯ. ಶಿಕ್ಷೆಗಿಂತ ಸೀರೆಯ ಬದಲಾವಣೆ ಸುಲಭ.

ಇನ್ನು ವಾಸನೆ. ಜುಲೈ ತಿಂಗಳಿನಲ್ಲಿ ಒಗೆದ ಬಟ್ಟೆ ಮೂರು ದಿನವಾದರೂ ಆರುವುದಿಲ್ಲ. ಅರ್ಧ ಒಣಗಿದ ಬಟ್ಟೆಯ ಮುಗ್ಗಲು ವಾಸನೆಗೆ ಮೊರಾಕ್ಸೆಲ್ಲಾ ಎಂಬ ಬ್ಯಾಕ್ಟೀರಿಯಾ ಮುಖ್ಯ ಕಾರಣವೆಂದು 2012ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಬಚ್ಚಲೊಲೆಯ ಬಳಿ ಹರವಿ ಒಣಗಿಸಿದರೆ ಹೊಗೆಯ ವಾಸನೆ ಹತ್ತುತ್ತದೆ. ಮುಚ್ಚಲೆಂದು ಸುಗಂಧವನ್ನು ಸಿಂಪಡಿಸುವುದು ಮೂರನೆಯ ತಪ್ಪು. ವಾಸನೆಗೆ ಬೆದರುವ ಮಗು ಅದಕ್ಕೂ ಬೆದರೀತು.

ಹಾಗಾದರೆ ಯಾವ ನೂಲು ಯೋಗ್ಯ? ಹದವಾದ ತೇವದ ಗಾಳಿಯಲ್ಲಿ ನೂರು ಗ್ರಾಂ ಒಣ ಹತ್ತಿಯು ಸುಮಾರು 8 ಗ್ರಾಂ ತೇವವನ್ನು ಹೀರಿಕೊಳ್ಳುತ್ತದೆ; ಉಣ್ಣೆ ಅದರ ಇಮ್ಮಡಿಯಷ್ಟನ್ನು; ಪಾಲಿಯೆಸ್ಟರ್ ಅರ್ಧ ಗ್ರಾಮನ್ನೂ ಹೀರುವುದಿಲ್ಲ. ಹತ್ತಿ ಬೆವರನ್ನು ಹೀರಿ ಮೈಗೆ ಹಿತವಾಗಿರುತ್ತದೆ, ಆದರೆ ನೆನೆದರೆ ಬೇಗ ಆರದು. ನೆನೆದ ಬಟ್ಟೆಯ ಕೆಡುಕು ಎರಡು ಬಗೆಯದು. ನೂಲುಗಳ ನಡುವೆ ನಿಂತ ಗಾಳಿಯೇ ನಮ್ಮನ್ನು ಬೆಚ್ಚಗಿಡುವುದು. ಆ ಸ್ಥಳವನ್ನು ನೀರು ತುಂಬಿದರೆ ಶಾಖವು ಗಾಳಿಗಿಂತ ಸುಮಾರು 24 ಮಡಿ ಸುಲಭವಾಗಿ ಹೊರಗೆ ಹರಿಯುತ್ತದೆ. ಮೇಲಾಗಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಸೀರೆಯ ಅಂಚಿನಲ್ಲಿ 100 ಗ್ರಾಂ ನೀರಿದ್ದರೆ ಅದು ಆರುವಷ್ಟರಲ್ಲಿ 58 ಕಿಲೊಕ್ಯಾಲೊರಿ ಖರ್ಚು. ಸುಮ್ಮನೆ ಕುಳಿತ ಮನುಷ್ಯನ ದೇಹವು ಒಂದು ಗಂಟೆಯಲ್ಲಿ ಉತ್ಪಾದಿಸುವ ಶಾಖಕ್ಕಿಂತ ಇದು ಬಹಳ ಕಡಮೆಯೇನಲ್ಲ. ಇದರಲ್ಲೊಂದು ಪಾಲನ್ನು ಉಪಾಧ್ಯಾಯಿನಿಯ ಕಾಲುಗಳೇ ತೆರಬೇಕು. ಪಾಲಿಯೆಸ್ಟರ್ ಬೇಗ ಆರುವುದು ನಿಜ. ಆದರೆ ಮಕ್ಕಳಿಗೆ ಚಹ ಕಾಯಿಸುವುದನ್ನೂ ಅಡುಗೆಯನ್ನೂ ಕಲಿಸುವ ಶಾಲೆಯಲ್ಲಿ, ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟುವ ಬಟ್ಟೆಯನ್ನು ಒಪ್ಪುವುದು ಹೇಗೆ? ಮಧ್ಯಮ ದಪ್ಪದ ಹತ್ತಿಯ ಉಡುಪು, ಜತೆಗೆ ಶಾಲೆಯಲ್ಲೇ ಇರಿಸಿದ ಇನ್ನೊಂದು ಒಣ ಜೊತೆ, ಚಳಿಗೆ ಮೇಲೊಂದು ಅಂಗಿ—ನನಗೆ ಒಪ್ಪಿಗೆಯಾದ ಏರ್ಪಾಡು ಇದು.

ಉಡುವ ರೀತಿಯೂ ಮುಖ್ಯ. ಇಳಿಬಿದ್ದ ಸೆರಗನ್ನು ಮಗು ಎಳೆಯುತ್ತದೆ. ಕೊರಳಿಗೆ ಸುತ್ತಿದ ದುಪ್ಪಟ್ಟಾ ಕ್ಷಣದಲ್ಲಿ ಕುಣಿಕೆಯಾಗುತ್ತದೆ. ಗಂಡಸರ ಟೈಯೂ ಹಾಗೆಯೇ. ಗುರುತಿನ ಚೀಟಿಯ ದಾರವು ಜಗ್ಗಿದರೆ ತಾನೇ ಬಿಚ್ಚಿಕೊಳ್ಳುವಂತಿರಬೇಕು. ಈ ದೃಷ್ಟಿಯಿಂದ ಕೊಡವರ ಸೀರೆಯ ಶೈಲಿ ಗಮನಾರ್ಹವಾದುದು. ಅದರಲ್ಲಿ ನೆರಿಗೆಗಳು ಹಿಂದಕ್ಕೆ. ಸೆರಗು ಎಡದ ಕಂಕುಳ ಕೆಳಗಿನಿಂದ ಎದೆಯ ಮೇಲೆ ಹಾದು ಬಲಭುಜದಲ್ಲಿ ನಿಲ್ಲುತ್ತದೆ. ಕಾವೇರಿಯು ನದಿಯಾಗಿ ಹರಿದ ರಭಸಕ್ಕೆ ಬಲಮುರಿಯಲ್ಲಿ ಹೆಂಗಸರ ನೆರಿಗೆ ಹಿಂದೆ ಸರಿಯಿತೆಂಬುದು ಐತಿಹ್ಯ. ಏರುತಗ್ಗಿನ ನೆಲದಲ್ಲಿ ಮುಂಗಾಲಿಗೆ ನೆರಿಗೆ ತೊಡರದಿರುವುದು, ಎಳೆಯುವುದಕ್ಕೆ ತೂಗುವ ಸೆರಗಿಲ್ಲದಿರುವುದು, ಎರಡೂ ವಿಶೇಷ ಶಾಲೆಗೆ ಒಗ್ಗುವ ಗುಣಗಳು. ನೆಲದ ಮೇಲೆ ಕುಳಿತು ಪಾಠ ಹೇಳುವಾಗ ಹಿಂದಿನ ನೆರಿಗೆ ತುಸು ತೊಡಕೇ. ಭುಜದ ಪಿನ್ನಿನ ಬದಲು ಗುಂಡಿಯನ್ನು ಹೊಲಿಸಿಕೊಂಡರೆ ಮಗುವಿನ ಕೆನ್ನೆಗೆ ಅಪಾಯವಿಲ್ಲ.

ಆದರೂ ನೆಲಕ್ಕೆ ಬಾಗಿ, ಓಡುವ ಮಗುವಿನ ಹಿಂದೆ ಓಡಿ, ದಿನವೆಲ್ಲ ದುಡಿಯುವವರಿಗೆ ಮೊಣಕೈವರೆಗೆ ತೋಳಿರುವ ಸಡಿಲ ಕುರ್ತಾ ಮತ್ತು ಷರಾಯಿ ಹೆಚ್ಚು ಅನುಕೂಲವೆಂಬುದನ್ನು ಒಪ್ಪಬೇಕು. ಅದಕ್ಕೆ ಎರಡು ಆಳವಾದ ಜೇಬುಗಳಿರಲಿ. ಚಿತ್ರದ ಚೀಟಿಗಳಿಗೆ ಒಂದು, ಕರವಸ್ತ್ರಕ್ಕೆ ಒಂದು. ನೆರೆಯ ಕೇರಳದಲ್ಲಿ ಅಧ್ಯಾಪಕಿಯರು ಸೀರೆಯನ್ನೇ ಉಡಬೇಕೆಂಬ ಕಡ್ಡಾಯವಿಲ್ಲವೆಂದು 2021ರಲ್ಲಿ ಉನ್ನತ ಶಿಕ್ಷಣ ಇಲಾಖೆ ಸ್ಪಷ್ಟಪಡಿಸಿತು. ಗೌರವದ ಹೆಸರಿನಲ್ಲಿ ಜಾರುವ ಜಾರ್ಜೆಟ್ ಸೀರೆಯನ್ನು ಸಮವಸ್ತ್ರವಾಗಿ ಗೊತ್ತುಮಾಡುವ ಆಡಳಿತ ಮಂಡಲಿಯವರು ಒಂದು ದಿನ ತರಗತಿಯಲ್ಲಿ ಕುಳಿತು ನೋಡಬೇಕು. ಶುಚಿಯಾಗಿ, ಇಸ್ತ್ರಿಯಾಗಿ, ಮೈಗೆ ಸರಿಯಾಗಿರುವ ಕುರ್ತಾದಲ್ಲಿ ಗೌರವಕ್ಕೇನು ಕೊರತೆ? ಪಾದಗಳಿಗೆ ಜಾರದ ರಬ್ಬರ್ ಅಟ್ಟೆ ಅವಶ್ಯ. ದಾರಿಯ ಜಿಗಣೆಗೆ ಒತ್ತಾಗಿ ನೇಯ್ದ ಕಾಲುಚೀಲ.

ಶಾಲೆಯಲ್ಲಿಟ್ಟ ಒಣ ಜೊತೆಯು ಬೂಷ್ಟು ಹಿಡಿಯದಂತೆ ಕಾಪಾಡುವುದು ಕೊನೆಯ ಸಮಸ್ಯೆ. ಮಲೆನಾಡಿನವರು ಹಿಂದೆ ಬಟ್ಟೆಯ ಬೀರುವಿನಲ್ಲಿ ಒಂದು ಬಲ್ಬನ್ನು ಉರಿಸುತ್ತಿದ್ದರು. 20 ಡಿಗ್ರಿಯಲ್ಲಿ ನೂರಕ್ಕೆ 95ರಷ್ಟು ತೇವ ತುಂಬಿದ ಗಾಳಿಯನ್ನು 25 ಡಿಗ್ರಿಗೆ ಕಾಯಿಸಿದರೆ, ನೀರಿನಂಶ ಅಷ್ಟೇ ಇದ್ದರೂ ಅದರ ಸಾಪೇಕ್ಷ ತೇವ 70ಕ್ಕೆ ಇಳಿಯುತ್ತದೆ. ಆ ಮಟ್ಟದಲ್ಲಿ ಬೂಷ್ಟು ಬೆಳೆಯುವುದು ಕಷ್ಟ. ಇಂದಿನ ಎಲ್‌ಇಡಿ ದೀಪವು ಬೆಳಕನ್ನು ಕೊಡುತ್ತದೆಯೇ ಹೊರತು ಅಷ್ಟು ಶಾಖವನ್ನು ಕೊಡದು. ಹಳೆಯ ತಂತಿಯ ಬಲ್ಬು ಸಿಕ್ಕಿದರೆ, ಸುತ್ತ ತಂತಿಬಲೆಯನ್ನು ಕಟ್ಟಿ, ಬಟ್ಟೆ ತಾಗದಂತೆ ಬೀರುವಿನ ಅಡಿಯಲ್ಲಿ ಇರಿಸಬೇಕು.