ಯಲ್ಲಾಪುರದ ಸುತ್ತಿನ ಚಾರಣ: ಕಾಡು, ಕೆರೆ, ಹೊಳೆ

ಉತ್ತರ ಕನ್ನಡದ ಯಲ್ಲಾಪುರದ ಸುತ್ತಿನ ಕಾಡುಗಳ ನೀರು ಎರಡು ಬೇರೆ ಜಲಾನಯನಗಳಿಗೆ, ಅಂದರೆ ಮಳೆನೀರೆಲ್ಲ ಹರಿದು ಒಂದೇ ನದಿಯನ್ನು ಸೇರುವ ಪ್ರದೇಶಗಳಿಗೆ, ಹಂಚಿಹೋಗುವುದರಿಂದ, ಚಾರಣವನ್ನು ಯೋಜಿಸುವವರು ಮೊದಲು ನೀರಿನ ದಿಕ್ಕನ್ನು ಅರಿಯುವುದು ಉಚಿತ. ಗಂಗಾವಳಿ ಎಂಬ ಹೆಸರಿನಲ್ಲಿ ಕಡಲನ್ನು ಸೇರುವ ಬೇಡ್ತಿ ನದಿಯು ಮಾಗೋಡಿನಲ್ಲಿ ಸುಮಾರು 200 ಮೀಟರ್ ಆಳಕ್ಕೆ ಹಂತಹಂತವಾಗಿ ಧುಮುಕುತ್ತದೆ. ಸಾತೊಡ್ಡಿಯ ತೊರೆಗಳಾದರೋ ಸುಮಾರು 15 ಮೀಟರ್ ಎತ್ತರದಿಂದ ಬಿದ್ದು ಕಾಳಿ ನದಿಯ ಕೊಡಸಳ್ಳಿ ಹಿನ್ನೀರಿನಲ್ಲಿ, ಎಂದರೆ ಅಣೆಕಟ್ಟೆ ತಡೆದುದರಿಂದ ಕಣಿವೆಯೊಳಗೆ ಹರಡಿ ನಿಂತ ನೀರಿನಲ್ಲಿ, ಲೀನವಾಗುತ್ತವೆ. ಇವೆರಡನ್ನೂ ಒಂದೇ ದಿನಕ್ಕೆ ತುರುಕುವುದು ಕಾಡಿಗೂ ಕಾಲಿಗೂ ಮಾಡುವ ಅನ್ಯಾಯ.

ಮಾಗೋಡಿನ ದಾರಿಯಲ್ಲಿ ಕವಡಿಕೆರೆಯ ದಂಡೆಯನ್ನು ಬೆಳಿಗ್ಗೆ ಸುತ್ತಿ, ಮಧ್ಯಾಹ್ನ ಜಲಪಾತವನ್ನು ಕಂಡು, ಸಂಜೆ ಜೇನುಕಲ್ಲು ಗುಡ್ಡದಿಂದ ಸೂರ್ಯಾಸ್ತವನ್ನು ನೋಡುವ ಕ್ರಮ ಹೆಚ್ಚು ಸಮಂಜಸವಾದುದು. ಆದರೆ ದಟ್ಟ ಮರಗಳಡಿ ಕತ್ತಲೆ ಬಯಲಿಗಿಂತ ಬೇಗ ಇಳಿಯುವುದರಿಂದ ಟಾರ್ಚ್ ಅಗತ್ಯ.

ಮಳೆಗಾಲದಲ್ಲಿ ಬಂಡೆಗಳು ಜಾರುತ್ತವೆ, ಉಂಬಳ, ಅಂದರೆ ರಕ್ತ ಹೀರುವ ನೆಲಜಿಗಣೆ, ಕಾಲಿಗೆ ಹತ್ತುತ್ತದೆ. ಬೇಸಿಗೆಯಲ್ಲಿ ಧಾರೆ ಸೊರಗುತ್ತದೆ. ಆದ್ದರಿಂದ ನೀರೂ ಉಳಿದು ದಾರಿಯೂ ಒಣಗಿರುವ ನವೆಂಬರ್, ಡಿಸೆಂಬರ್ ತಿಂಗಳುಗಳು ಅತ್ಯುತ್ತಮವಾಗಿದ್ದು, ಕಾಡಿನೊಳಗಿನ ಹಾದಿಗೆ ಕಾಲಿಡುವ ಮೊದಲು ಅರಣ್ಯ ಇಲಾಖೆಯ ಸ್ಥಳೀಯ ಕಚೇರಿಯಲ್ಲಿ ಅನುಮತಿಯನ್ನು ವಿಚಾರಿಸತಕ್ಕದ್ದು.