ಬಳ್ಳಾರಿಯಿಂದ ಪೋರ್ಚುಗೀಸರ ಗಡಿಗೆ

ಧಾರವಾಡದ ಕರ್ನಾಟಕ ಕಾಲೇಜಿನ ಕಲ್ಲುಕಟ್ಟಡದಲ್ಲಿ ಓದಿ ಬಂದವರು ಹೊಸಪೇಟೆ, ಸಂಡೂರು ಕಡೆಯೂ ಬೇಕಾದಷ್ಟು ಮಂದಿ ಇದ್ದಾರೆ. ತಮ್ಮೂರಿಗೆ ರೈಲು ಬಂದದ್ದು ಅದೇ ಕಟ್ಟಡದ ಹಳೆಯ ಯಜಮಾನರಿಂದ ಎಂಬುದು ಅವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಕಾಲೇಜಿನ ಕೈಗೆ ಬರುವ ಮೊದಲು ಅದು ಸದರ್ನ್ ಮರಾಠಾ ರೈಲ್ವೆಯ ಕೇಂದ್ರ ಕಚೇರಿಯಾಗಿತ್ತು.

ಈ ರೈಲ್ವೆ ಹೆಸರಿಗಷ್ಟೇ ಕಂಪನಿ. 1882ರಲ್ಲಿ ಹುಟ್ಟಿತು. ಬಂಡವಾಳ ಹೂಡಿದವರು ಲಂಡನ್ನಿನವರು, ಹಳಿಯ ಒಡೆತನ ಸರ್ಕಾರದ್ದು, ಬಡ್ಡಿಗೆ ಖಾತರಿಯೂ ಸರ್ಕಾರದ್ದೇ. ರೈಲು ಖಾಲಿ ಓಡಿದರೂ ಷೇರುದಾರರಿಗೆ ಬಡ್ಡಿ ತಪ್ಪುವಂತಿರಲಿಲ್ಲ. ಕೊರತೆ ಬಿದ್ದದ್ದನ್ನು ತುಂಬಿಕೊಡಬೇಕಾದದ್ದು ಇಲ್ಲಿಯ ರೈತ ಕಟ್ಟಿದ ಕಂದಾಯ. ಹಾಗಾಗಿ ಇದನ್ನು ಸರ್ಕಾರದ ಏಜೆಂಟ್ ಎನ್ನುವುದೇ ಸರಿ.

ಸರ್ಕಾರಕ್ಕೆ ಅಷ್ಟು ಅವಸರ ಯಾಕಿತ್ತು? ಧಾತು, ಈಶ್ವರ ಸಂವತ್ಸರಗಳ ಬರ. 1876ರಿಂದ 78ರವರೆಗೆ ಮಳೆ ಕೈಕೊಟ್ಟಾಗ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಹಾಗೆ ನೋಡಿದರೆ ಮದ್ರಾಸ್ ರೈಲ್ವೆ ಆಗಲೇ ಗುಂತಕಲ್ಲಿನಿಂದ ಬಳ್ಳಾರಿಗೆ ಬಂದಿತ್ತು. ಧಾನ್ಯ ರೈಲಿನಲ್ಲಿ ಬಳ್ಳಾರಿ ಮುಟ್ಟಬಹುದಿತ್ತು, ಅಲ್ಲಿಂದಾಚೆಗೆ ಎತ್ತಿನ ಗಾಡಿಯೇ ಗತಿ. ಮೇವಿಲ್ಲದೆ ಎತ್ತುಗಳೇ ಸಾಯುತ್ತಿದ್ದಾಗ ಗಾಡಿ ಎಳೆಯುವವರು ಯಾರು? ಇತ್ತ 1877ರ ಆರಂಭದಲ್ಲಿ ಭಾರತ ಸರ್ಕಾರದ ಪ್ರತಿನಿಧಿಯಾಗಿ ಮದ್ರಾಸ್ ಪ್ರಾಂತಕ್ಕೆ ಬಂದ ಸರ್ ರಿಚರ್ಡ್ ಟೆಂಪಲ್, ಖರ್ಚು ಉಳಿಸುವ ಹಟಕ್ಕೆ ಬಿದ್ದು, ಪರಿಹಾರ ಕಾಮಗಾರಿಯ ದಿನಗೂಲಿಯನ್ನು ಒಂದು ಪೌಂಡ್ ಧಾನ್ಯ ಮತ್ತು ಒಂದಿಷ್ಟು ಕಾಸಿಗೆ ಇಳಿಸಿದ. ದಿನವಿಡೀ ಕಲ್ಲು ಒಡೆದವನಿಗೆ ಅರ್ಧ ಕೆಜಿಗೂ ಕಡಿಮೆ ಕಾಳು!

ಬರ ಮುಗಿದ ಮೇಲೆ ರಿಚರ್ಡ್ ಸ್ಟ್ರೇಚಿ ಅಧ್ಯಕ್ಷತೆಯ ಕ್ಷಾಮ ಆಯೋಗ 1880ರಲ್ಲಿ ವರದಿ ಕೊಟ್ಟಿತು. ಐದು ಸಾವಿರ ಮೈಲಿ ರೈಲು ಹಾದಿ ತುರ್ತಾಗಿ ಬೇಕು ಎಂದಿತು. ಕ್ಷಾಮ ತಡೆಯಲೆಂದೇ ಹಾಕಿದ ಹಾದಿಗಳಲ್ಲಿ ಬಳ್ಳಾರಿ–ಗದಗ ಮಾರ್ಗವೂ ಸೇರಿತು. 1884ರಲ್ಲಿ ಹೊಸಪೇಟೆಗೆ ಮೀಟರ್‌ಗೇಜ್ ರೈಲು ಬಂತು. ಆಗಿನ್ನೂ ಹಂಪಿ ಹೊರಗಿನವರ ಕಣ್ಣಿಗೆ ಬಿದ್ದದ್ದು ಕಡಿಮೆ. ಬಳ್ಳಾರಿಯಲ್ಲಿ ಕಲೆಕ್ಟರ್ ಆಗಿದ್ದ ರಾಬರ್ಟ್ ಸಿವೆಲ್ ವಿಜಯನಗರದ ಬಗ್ಗೆ ಬರೆದ ಪುಸ್ತಕ ಅಚ್ಚಾದದ್ದು 1900ರಲ್ಲಿ. ಹಳಿ ಹಾಕಿದವರ ಮನಸ್ಸಿನಲ್ಲಿ ವಿರೂಪಾಕ್ಷನೂ ಇರಲಿಲ್ಲ, ಕಲ್ಲಿನ ರಥವೂ ಇರಲಿಲ್ಲ. ಇಂದಿಗೂ ಹಂಪಿಗೆ ಸ್ಟೇಷನ್ ಇಲ್ಲ. ಬಂಡೆಗುಡ್ಡಗಳ ನಡುವೆ ಹಳಿ ನುಗ್ಗದೆ ಉಳಿದದ್ದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು.

ಒಂದು ಎಡವಟ್ಟು ಮಾತ್ರ ಉಳಿಯಿತು. ಬಳ್ಳಾರಿಯವರೆಗೆ ಬ್ರಾಡ್‌ಗೇಜ್, ಮುಂದೆ ಮೀಟರ್‌ಗೇಜ್. ಮದ್ರಾಸ್ ಕಡೆಯಿಂದ ಬಂದ ಪ್ರತಿ ಮೂಟೆಯನ್ನೂ ಬಳ್ಳಾರಿಯಲ್ಲಿ ಇಳಿಸಿ ಇನ್ನೊಂದು ವ್ಯಾಗನ್ನಿಗೆ ಹೇರಬೇಕು. ಇದಕ್ಕೆ ಕಂಡುಕೊಂಡ ಪರಿಹಾರ ಇಂದಿನವರಿಗೆ ನಗು ತರಿಸೀತು. 1887ರಲ್ಲಿ ಗುಂತಕಲ್–ಬಳ್ಳಾರಿ ಬ್ರಾಡ್‌ಗೇಜನ್ನೇ ಕಿತ್ತು ಮೀಟರ್‌ಗೇಜ್ ಮಾಡಿದರು. ಮುಂದೆ ಅದಿರು ಸಾಗಿಸಲು ಅದೇ ಹಾದಿಯಲ್ಲಿ ಮತ್ತೆ ಬ್ರಾಡ್‌ಗೇಜ್ ಹಾಕಬೇಕಾಯಿತು.

ಈ ರೈಲು ದಾಟಿದ ಗಡಿಗಳದ್ದೇ ಬೇರೊಂದು ಕತೆ. ಬಳ್ಳಾರಿ, ಹೊಸಪೇಟೆ ಮದ್ರಾಸ್ ಪ್ರಾಂತ. ತುಂಗಭದ್ರೆ ದಾಟಿದ ಕೂಡಲೇ ಮುನಿರಾಬಾದ್, ಕೊಪ್ಪಳ: ನಿಜಾಮನ ಸೀಮೆ. ಗದಗ, ಹುಬ್ಬಳ್ಳಿ, ಧಾರವಾಡ ಮುಂಬಯಿ ಪ್ರಾಂತ. ಪಕ್ಕದ ಸಂಡೂರಿನಲ್ಲಿ ಘೋರ್ಪಡೆಯವರ ಪುಟ್ಟ ಸಂಸ್ಥಾನ. ಅದಕ್ಕೆ ಬಳ್ಳಾರಿ ಕಲೆಕ್ಟರನೇ ಪೊಲಿಟಿಕಲ್ ಏಜೆಂಟ್. ಇಷ್ಟೂ ಜನ ಆಡುತ್ತಿದ್ದದ್ದು ಕನ್ನಡ, ಆಳುತ್ತಿದ್ದವರು ಮಾತ್ರ ಬೇರೆ ಬೇರೆ. ಏಕೀಕರಣಕ್ಕೆ ಎಪ್ಪತ್ತು ವರ್ಷ ಮೊದಲೇ ಬಳ್ಳಾರಿಯನ್ನೂ ಧಾರವಾಡವನ್ನೂ ಒಂದೇ ಹಳಿಗೆ ತಂದವರು ಲಂಡನ್ನಿನ ಷೇರುದಾರರು!

ಲೋಂಡಾ ದಾಟಿ ಕ್ಯಾಸಲ್‌ರಾಕ್ ಮುಟ್ಟಿದರೆ ಬ್ರಿಟಿಷರ ಸೀಮೆ ಮುಗಿಯಿತು. ಕೆಳಗೆ ಘಟ್ಟ, ದೂಧ್‌ಸಾಗರ, ಅದರಾಚೆ ಪೋರ್ಚುಗೀಸರ ಗೋವಾ. 1878ರಲ್ಲಿ ಬ್ರಿಟನ್ ಮತ್ತು ಪೋರ್ಚುಗಲ್ ಒಪ್ಪಂದ ಮಾಡಿಕೊಂಡವು. ಅದರಂತೆ ಮುರಗಾಂವ್ ಬಂದರಿನಿಂದ ಘಟ್ಟ ಹತ್ತಿ ಬರುವ ಹಾದಿಯನ್ನು ಮತ್ತೊಂದು ಕಂಪನಿ ಕಟ್ಟಿತು. 1888ರ ಹೊತ್ತಿಗೆ ಎರಡೂ ಹಳಿಗಳು ಕ್ಯಾಸಲ್‌ರಾಕ್‌ನಲ್ಲಿ ಕೂಡಿದವು. ಆ ಪುಟ್ಟ ಸ್ಟೇಷನ್ನು ಎರಡು ಸಾಮ್ರಾಜ್ಯಗಳ ನಡುವಿನ ಸುಂಕದ ಕಟ್ಟೆಯಾಯಿತು. ಒಳನಾಡಿನ ಸರಕು ಸಮುದ್ರ ಕಾಣಲು ಇದು ಹತ್ತಿರದ ದಾರಿ. ಸಂಡೂರಿನ ಮ್ಯಾಂಗನೀಸ್ ಹಡಗು ಹತ್ತಿದ್ದೂ ಇದೇ ದಾರಿಯಿಂದ. ಹೊಸಪೇಟೆ–ಕೊಟ್ಟೂರು ಹಾದಿಯಿಂದ ಗುಂಡಾ ರೋಡಿನಲ್ಲಿ ಕವಲೊಡೆದು ಯಶವಂತನಗರ, ಸ್ವಾಮಿಹಳ್ಳಿ ಕಡೆ ಹೋದ ಹಳಿಯೂ ಬೆಟ್ಟದ ಮಣ್ಣಿಗಾಗಿಯೇ ಹಾಕಿದ್ದು.

ಕಂಪನಿಯ ಬೋರ್ಡು ಮಾತ್ರ ಬದಲಾಗುತ್ತಲೇ ಹೋಯಿತು. 1908ರಲ್ಲಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ, 1944ರಲ್ಲಿ ಸರ್ಕಾರದ ನೇರ ಆಡಳಿತ, 1951ರಲ್ಲಿ ದಕ್ಷಿಣ ರೈಲ್ವೆ, 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ, ಕೊನೆಗೆ 2003ರಲ್ಲಿ ಹುಬ್ಬಳ್ಳಿ ಕೇಂದ್ರವಾಗಿ ನೈಋತ್ಯ ರೈಲ್ವೆ. ಈ ನಡುವೆ 1955ರಲ್ಲಿ, ಗೋವಾ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ಬಳಿಕ, ಭಾರತ ಗಡಿ ಮುಚ್ಚಿತು. 1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆ ಆಗುವವರೆಗೂ ಕ್ಯಾಸಲ್‌ರಾಕ್ ದಾಟಿ ರೈಲು ಹೋಗಲಿಲ್ಲ.

ಗಡಿ ಅಳಿದರೂ ಘಟ್ಟದ ತೊಡಕು ಅಳಿಯಲಿಲ್ಲ. ಹೊಸಪೇಟೆಯಿಂದ ಪಶ್ಚಿಮಕ್ಕೆ ಜೋಡಿಹಳಿ ಹಾಕುವ ಕೆಲಸ ರೈಲ್ ವಿಕಾಸ್ ನಿಗಮದ ಪಾಲಿಗೆ ಬಂತು. ಆದರೆ ತಿನೈಘಾಟ್–ಕ್ಯಾಸಲ್‌ರಾಕ್–ಕುಳೆ ಭಾಗದ ಜೋಡಿಹಳಿಗೆ ಸಿಕ್ಕಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಹಿಂದೆ ಸುಂಕದವರು ರೈಲು ನಿಲ್ಲಿಸುತ್ತಿದ್ದ ಜಾಗದಲ್ಲಿ ಈಗ ಕಾಡು ಅಡ್ಡ ನಿಂತಿದೆ. ನನ್ನ ಮಟ್ಟಿಗೆ ಕಾಡಿನ ವಾದವೇ ಹೆಚ್ಚು ಗಟ್ಟಿ.

ಕ್ಷಾಮದ ಕಾಳು, ಬಂದರಿನ ವ್ಯಾಪಾರ, ಬೆಟ್ಟದ ಅದಿರು: ಈ ಸೀಮೆಯಲ್ಲಿ ಹಳಿ ಹಾಕಿದ್ದು ಸರಕಿಗಾಗಿ. ಜನ ಯಾವಾಗಲೂ ಕೊನೆಯ ಸಾಲಿನಲ್ಲಿ. ಹೊಸಪೇಟೆ ಸುತ್ತ ಅದಿರಿನ ರೇಕ್‌ಗಳಿಗೆ ದಾರಿ ಬಿಟ್ಟು ಕಾದು ನಿಂತ ಪ್ಯಾಸೆಂಜರ್ ರೈಲಿನಲ್ಲಿ ಕೂತವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಕೊಟ್ಟೂರಿನವರು ವರ್ಷಗಟ್ಟಲೆ ಹೋರಾಡಿದ ಮೇಲೆ 2019ರಲ್ಲಿ ಹೊಸಪೇಟೆ–ಹರಿಹರ ಪ್ಯಾಸೆಂಜರ್ ಓಡಿತು.

ಕಂಪ್ಲಿಗೆ ಆ ಭಾಗ್ಯವೂ ಇಲ್ಲ. ಭತ್ತ, ಕಬ್ಬು ಬೆಳೆಯುವ ಊರು. ತುಂಗಭದ್ರಾ ಡ್ಯಾಂ ತುಂಬಿ ಗೇಟು ತೆಗೆದರೆ ಕಂಪ್ಲಿ–ಗಂಗಾವತಿ ಸೇತುವೆ ನೀರಿನಲ್ಲಿ ಮುಳುಗಿ ಎರಡು ದಡದವರಿಗೂ ಸುತ್ತುದಾರಿಯೇ ಗತಿಯಾಗುತ್ತದೆ. ಗಂಗಾವತಿಗೆ ಗಿಣಿಗೇರಾ ಕಡೆಯಿಂದ ಈಗ ರೈಲು ಬಂದಿದೆ, ಈ ಕಡೆ ದರೋಜಿಯಲ್ಲಿ ಹಳೆಯ ಹಳಿ ಇದ್ದೇ ಇದೆ. ನಡುವೆ ಉಳಿದದ್ದು ನಲವತ್ತು ಕಿಲೋಮೀಟರ್ ಆಸುಪಾಸು. ಅದಿರಿಗೆ ಇಷ್ಟೆಲ್ಲ ಹಳಿ ಹಾಕಿದ ರೈಲ್ವೆ, ದರೋಜಿ–ಕಂಪ್ಲಿ–ಗಂಗಾವತಿ ಮಾರ್ಗವನ್ನು ಜನರಿಗಾಗಿ ಹಾಕಿಕೊಡಲಿ.